ಯಾವ ಗದ್ದಲ?

ವಾಷಿಂಗ್ಟನ್ನಿನ ಎಚ್ ಸ್ಟ್ರೀಟಿನಲ್ಲಿ ಒಂದು ಸ್ಟಾರ್‌ಬಕ್ಸ್ ಕಾಫಿ ಅಂಗಡಿ ಇದೆ. ಅಲ್ಲಿನ ಕೆಲಸಗಾರರ ವ್ಯವಹಾರವೆಲ್ಲ ಸನ್ನೆ ಭಾಷೆಯಲ್ಲೇ. ಮೊದಲ ಸಲ ಹೋದಾಗ ನಾನು ಪೆಚ್ಚಾಗಿ ನಿಂತು, ಕೊನೆಗೆ ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸಿದೆ. ಮೈಸೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ, ಕಿವುಡ ತಮ್ಮ, ನೆನಪಾದ. ಅವನು ಪ್ರತಿ ಅಂಗಡಿಯ ಮುಂದೆ ಹೀಗೇ ನಿಂತು ದೊಡ್ಡವನಾದವನು.

ಅಲ್ಲಿಂದ ಕೂಗಳತೆಯಲ್ಲೇ ಗ್ಯಾಲೊಡೆಟ್ ವಿಶ್ವವಿದ್ಯಾಲಯ. (ಕೂಗಳತೆ ಅನ್ನುವ ಅಳತೆ ಅಲ್ಲಿ ನಡೆಯುವುದಿಲ್ಲ, ಇರಲಿ.) 1864ರಲ್ಲಿ ಲಿಂಕನ್ ಸಹಿಯಿಂದ ಪದವಿ ಕೊಡುವ ಅಧಿಕಾರ ಪಡೆದ ಈ ಕಿವುಡರ ಸಂಸ್ಥೆಗೆ 124 ವರ್ಷ ಕಿವಿ ಕೇಳುವವರೇ ಮುಖ್ಯಸ್ಥರು. 1988ರ ಮಾರ್ಚ್ 6ರಂದು ವಿಶ್ವವಿದ್ಯಾಲಯದ ಅಧ್ಯಕ್ಷರ ಆಯ್ಕೆಯ ಕೊನೆಯ ಸುತ್ತಿನಲ್ಲಿದ್ದ ಮೂವರಲ್ಲಿ ಇಬ್ಬರು ಕಿವುಡರಿದ್ದರು. ಆಡಳಿತ ಮಂಡಳಿ ಆರಿಸಿದ್ದು ಮೂರನೆಯವರಾದ ಎಲಿಜಬೆತ್ ಜಿನ್ಸರ್ ಅವರನ್ನು. ಅವರಿಗೆ ಸನ್ನೆ ಭಾಷೆ ಬರುತ್ತಿರಲಿಲ್ಲ. ಮಂಡಳಿಯ ಅಧ್ಯಕ್ಷೆ ಜೇನ್ ಸ್ಪಿಲ್‌ಮನ್ ಅವರಿಗೂ ಬರುತ್ತಿರಲಿಲ್ಲ.

ಮಾರನೇ ಬೆಳಗ್ಗೆ ವಿದ್ಯಾರ್ಥಿಗಳು ಗೇಟುಗಳಿಗೆ ಅಡ್ಡಲಾಗಿ ವಾಹನ ನಿಲ್ಲಿಸಿ ಟೈರಿನ ಗಾಳಿ ಬಿಟ್ಟರು. ಅಂದೇ ಸ್ಪಿಲ್‌ಮನ್ ಸಭೆಗೆ ಬಂದಾಗ ಯಾರೋ ಬೆಂಕಿಯ ಅಲಾರಂ ಹೊಡೆಸಿದರು. ಈ ಗದ್ದಲದಲ್ಲಿ ಮಾತಾಡುವುದು ಕಷ್ಟ ಎಂದು ಅವರು ಗೊಣಗಿದರೆ, ಸಭೆಯಿಂದ ಸನ್ನೆಯಲ್ಲೇ ಬಂದ ಉತ್ತರ: ಯಾವ ಗದ್ದಲ? ನಿಮಗೆ ಸನ್ನೆ ಬಂದಿದ್ದರೆ ನಿಮ್ಮ ಮಾತು ನಮಗೆ ಕೇಳಿಸುತ್ತಿತ್ತು!

ಹೋರಾಟದ ತಿರುಳೆಲ್ಲ ಈ ಉತ್ತರದಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಅವರು ಕರುಣೆ ಕೇಳಲಿಲ್ಲ, ಕುರ್ಚಿ ಕೇಳಿದರು. ಮಂಡಳಿಯಲ್ಲಿ ಶೇ 51ರಷ್ಟು ಕಿವುಡರಿರಬೇಕು ಎಂದು ಲೆಕ್ಕ ಹಾಕಿ ಕೇಳಿದರು. ವಿದ್ಯಾರ್ಥಿ ನಾಯಕ ಗ್ರೆಗ್ ಹ್ಲಿಬಾಕ್ ಟಿವಿಯಲ್ಲಿ ಜಿನ್ಸರ್ ಎದುರು ವಾದಕ್ಕೆ ಕೂತ. ವಾರ ತುಂಬುವುದರೊಳಗೆ ಜಿನ್ಸರ್ ಹೊರಟರು. 13ರಂದು ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು, ಮಂಡಳಿಯ ಅಧ್ಯಕ್ಷತೆಯೂ ಕಿವುಡರಾದ ಫಿಲ್ ಬ್ರಾವಿನ್ ಪಾಲಾಯಿತು. 2006ರಲ್ಲಿ ಇನ್ನೊಂದು ಆಯ್ಕೆ ಬಂತು. ಈ ಸಲ ಆಯ್ಕೆಯಾದವರು ಕಿವುಡರೇ, ಆದರೂ ವಿದ್ಯಾರ್ಥಿಗಳು ಒಪ್ಪಲಿಲ್ಲ. ನೂರಕ್ಕೂ ಹೆಚ್ಚು ಜನರ ಬಂಧನವಾಗಿ ಕೊನೆಗೆ ಆ ನೇಮಕವೇ ರದ್ದಾಯಿತು. ಅದು ನ್ಯಾಯವೋ ಅಲ್ಲವೋ, ಜಗಳವಾಡುವ ಹಕ್ಕಂತೂ ಅವರದೇ ಆಗಿತ್ತು.

ನಮ್ಮ ಕಡೆಯ ರೀತಿ ಬೇರೆ. ನನ್ನ ಆ ತಮ್ಮ ಓದಿದ ಶಾಲೆಯ ವಾರ್ಷಿಕೋತ್ಸವಕ್ಕೆ ಒಮ್ಮೆ ಹೋಗಿದ್ದೆ. ಬೋರ್ಡಿನ ಮೇಲೆ ‘ಕಿವುಡ ಮೂಗ’ ಎಂದು ದಪ್ಪಕ್ಷರ. ಅತಿಥಿಗಳು ಒಬ್ಬರ ನಂತರ ಒಬ್ಬರು ಮೈಕಿನಲ್ಲಿ ‘ದೇವರ ಮಕ್ಕಳು’ ಎಂದು ಹೊಗಳಿದರು. ಅದನ್ನು ಮಕ್ಕಳಿಗೆ ಸನ್ನೆಯಲ್ಲಿ ಹೇಳುವವರು ಯಾರೂ ಇರಲಿಲ್ಲ. ಮಕ್ಕಳ ಪಾಲಿಗೆ ಬಂದದ್ದು ಒಂದು ಡ್ಯಾನ್ಸ್ ಮತ್ತು ಒಂದು ಲಾಡು. ಕೆಟ್ಟ ಜನ ಅಂತಲ್ಲ, ಮನಸ್ಸಿಟ್ಟು ಅನ್ನ ಹಾಕುವವರೇ. ಆದರೆ ಅನ್ನ ಹಾಕುವವರು ಅಭಿಪ್ರಾಯ ಕೇಳುವುದು ಅಪರೂಪ.

ಬದಲಾವಣೆ ಇಲ್ಲವೆಂದಲ್ಲ. 2023ರಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನಲ್ಲಿ ಸನ್ನೆ ಅನುವಾದಕರ ಮೂಲಕ ವಾದಿಸಿದರು. ಆ ವಿಡಿಯೊ ನೋಡಿ ತಮ್ಮ ನನಗೆ ಮೂರು ಸಲ ಕಳಿಸಿದ.

ಹೋದ ಭಾನುವಾರ ಅವನಿಗೆ ವಿಡಿಯೊ ಕಾಲ್ ಮಾಡಿ, ಶಾಲೆಯ ಆಡಳಿತ ಮಂಡಳಿಯಲ್ಲಿ ಹಳೆ ವಿದ್ಯಾರ್ಥಿಗಳು ಯಾರಾದರೂ ಇದ್ದಾರಾ ಎಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವನ ಕೈಗಳು ಒಂದು ನಿಮಿಷ ಬಿಡುವಿಲ್ಲದೆ ಓಡಿದವು, ಮುಖ ಕೆಂಪಾಯಿತು, ಎರಡು ಸಲ ಎದೆ ತಟ್ಟಿಕೊಂಡ. ಪಕ್ಕದಲ್ಲಿದ್ದ ಚಿಕ್ಕಮ್ಮ ಫೋನು ತಮ್ಮ ಕಡೆ ತಿರುಗಿಸಿಕೊಂಡು, "ಏನಿಲ್ಲ ಕಣಪ್ಪ, ಚೆನ್ನಾಗಿದ್ದೀನಿ ಅಂತಾನೆ" ಅಂದರು.