ಕಾಕಾ ಕಲಿತ ಹೊಸ ಪದ

ಮೇ ತಿಂಗಳಲ್ಲಿ ಕಲಬುರಗಿಯ ಫ್ಯಾನುಗಳು ಬಿಸಿಗಾಳಿಯನ್ನೇ ಮನೆಯವರಿಗೆಲ್ಲ ಸಮನಾಗಿ ಹಂಚುತ್ತವೆ. ಅಂಥ ಸೆಕೆಯಲ್ಲಿ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ನರಳತೊಡಗಿತು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಒಂದೂವರೆ ನಿಮಿಷ ಅದರ ದಾರಿ ಕಾಯಿತು. ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಎಮರ್ಜೆನ್ಸಿ ಮೋಡ್ ಎಂದು ಬರೆದು ಕೈಕಟ್ಟಿ ಕುಳಿತಿತು.

ವಿಷಯ ತಿಳಿದು ಕಾಕಾ ಬಂದರು. "ಫ್ರಿಜ್ಜಿನಲ್ಲಿ ಇಡು ತಮ್ಮಾ, ತಣ್ಣಗಾದರೆ ತಾನೇ ಓಡುತ್ತದೆ." ಒಂದು ಕಾಲಕ್ಕೆ ಕಂಪ್ಯೂಟರ್ ಬಲ್ಲವರೂ ಹೇಳುತ್ತಿದ್ದ ಮದ್ದು ಇದು. ಹೊರಗೆ ತೆಗೆದಾಗ ಒಳಗೆ ತೇವ ಕೂತು, ಇದ್ದ ಜೀವವೂ ಹೋದೀತು ಎಂದೆ. ಅವ್ವ ಇನ್ನೂ ಬಲವಾದ ಕಾರಣ ಕೊಟ್ಟಳು: "ಫ್ರಿಜ್ಜಿನಲ್ಲಿ ಜಾಗವಿಲ್ಲ."

ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ಸಲೀಸಾಗಿ ಓದಲು ಬರುವುದನ್ನು ಮೊದಲು ಹೊಸ ಡಿಸ್ಕಿಗೆ ನಕಲಿಸಿ, ಕೆಟ್ಟ ಜಾಗಗಳನ್ನು ಆಮೇಲೆ ಕೆದಕುತ್ತದೆ. ಎಲ್ಲಿಯವರೆಗೆ ಮುಗಿಯಿತು ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಬಿಟ್ಟಲ್ಲಿಂದಲೇ ಮತ್ತೆ ಶುರು. ಇದನ್ನು ಬರೆದ ಪುಣ್ಯಾತ್ಮ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದು ಹೋದವನೇ ಇರಬೇಕು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದ ಕಾಕಾ, ಡಿಸ್ಕಿನ ಇಂಥ ಕೆಟ್ಟ ಜಾಗಕ್ಕೆ ಹೇಳುವ 'ಬ್ಯಾಡ್ ಸೆಕ್ಟರ್' ಎಂಬ ಪದ ಕಲಿತರು. ಸಂಜೆಯ ಹೊತ್ತಿಗೆ ಹುಳಿಯಾದ ಮಜ್ಜಿಗೆಯೂ ಬಾರದ ನಲ್ಲಿ ನೀರೂ ಬ್ಯಾಡ್ ಸೆಕ್ಟರ್ ಆಗಿದ್ದವು.

ನಕಲಿನ ಮೇಲೆ, ಫೈಲುಗಳ ವ್ಯವಸ್ಥೆಯ ದೋಷ ಹುಡುಕಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿದೆ. ಒಂದೊಂದು ದೋಷಕ್ಕೂ 'ಸರಿಪಡಿಸಲೇ?' ಎಂದು ಅಪ್ಪಣೆ ಕೇಳುವ ವಿನಯವಂತ ಅದು. ಮೊದಮೊದಲು ಓದಿ, ಯೋಚಿಸಿ ಹೂಂ ಎಂದೆ. ಆಮೇಲೆ ಓದುವ ಶಾಸ್ತ್ರವನ್ನೇ ಬಿಟ್ಟೆ.

ನಿಜವಾದ ತಮಾಷೆ ಶುರುವಾದದ್ದು ದಿಕ್ಕು ತಪ್ಪಿದ ಫೈಲುಗಳನ್ನು ಎಫ್‌ಎಸ್‌ಸಿಕೆ ತಂದು ಹಾಕುವ ಲಾಸ್ಟ್+ಫೌಂಡ್ ಎಂಬ ಫೋಲ್ಡರಿನಲ್ಲಿ. ಲಿನಕ್ಸಿನಲ್ಲಿ ಫೈಲಿನ ಹೆಸರು ಫೈಲಿನೊಳಗೆ ಇರುವುದಿಲ್ಲ, ಅದನ್ನಿಟ್ಟ ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರಿನ ಪಟ್ಟಿಯಲ್ಲಿ, ಇರುತ್ತದೆ. ಡೈರೆಕ್ಟರಿಯೇ ಹಾಳಾದ್ದರಿಂದ ಎಲ್ಲ ಫೈಲುಗಳೂ ಜೈಲಿನ ಕೈದಿಗಳಂತೆ ಬರೀ ನಂಬರು ಹೊತ್ತು ಬಂದಿದ್ದವು. ಗುರುತು ಹಿಡಿಯಲು ಮನೆಮಂದಿಯೆಲ್ಲ ಕೂತೆವು, ಕೈಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಒಂದನ್ನು ತೆರೆದರೆ ಅಕ್ಕ ಬೇಡವೆಂದ ವರನ ಜಾತಕ. ಬಾವನವರು ಅದನ್ನು ಬಹಳ ಹೊತ್ತು ಓದಿದರು. ಇನ್ನೊಂದು, ಯಾರದೋ ಮದುವೆಯಲ್ಲಿ ತೆಗೆದ ಬರೀ ಚಪ್ಪಲಿಗಳ ಫೋಟೊ. ನನಗೆ ಬೇಕಾಗಿದ್ದ ಕಚೇರಿಯ ಕಾಗದಗಳು ಮಾತ್ರ ಬರಲೇ ಇಲ್ಲ.

ಮುಂದಿನ ನಂಬರು ಅಪ್ಪ ಸ್ಕ್ಯಾನ್ ಮಾಡಿಸಿಟ್ಟಿದ್ದ ಹಳೆಯ ಚೀಟಿ. 'ತೊಗರಿ ಮಾರಿದ ಕೂಡಲೇ ಕೈಗಡ ತೀರಿಸುತ್ತೇನೆ.' ಕೆಳಗೆ ಕಾಕಾನ ಸಹಿ, ಅಕ್ಷರ ಅಕ್ಷರವೂ ಸ್ಪಷ್ಟ. ಅಪ್ಪ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು.

ಕಾಕಾ ರೊಟ್ಟಿ ಮುರಿಯುತ್ತಾ, "ಅದನ್ನು ನಂಬಬೇಡಿ ಅಣ್ಣಾ," ಎಂದರು, "ಬ್ಯಾಡ್ ಸೆಕ್ಟರಿನಿಂದ ಬಂದದ್ದು."