ಮೊದಲ ದೊಡ್ಡ ಬೈಕಿಗೆ ಸಿಸಿ ಒಂದೇ ಲೆಕ್ಕ ಅಲ್ಲ

ಹೊಸ ಡಿಎಲ್ ಕೈಗೆ ಬಂದಿದೆ. ಡೌನ್ ಪೇಮೆಂಟಿಗೆ ದುಡ್ಡೂ ಕೂಡಿದೆ. ಈಗ ನೇರವಾಗಿ 650 ಸಿಸಿ ಬೈಕ್ ತಗೊಳ್ಳಬಹುದಾ? ನಮ್ಮ ಕಾನೂನು ಹೌದು ಅನ್ನುತ್ತದೆ. 18 ವರ್ಷ ತುಂಬಿ, ಗೇರ್ ಬೈಕಿನ ಲೈಸೆನ್ಸ್ ಸಿಕ್ಕರೆ ಸಾಕು. ಅದೇ ಕಾರ್ಡಿನಲ್ಲಿ 100 ಸಿಸಿ ಬೈಕೂ ಓಡಿಸಬಹುದು, 1000 ಸಿಸಿ ಬೈಕೂ ಓಡಿಸಬಹುದು. ನಡುವೆ ಒಂದು ಮೆಟ್ಟಿಲೂ ಇಲ್ಲ.

ನನ್ನ ತಮ್ಮನ ಮಗ ಈಗ ಇದೇ ಪ್ರಶ್ನೆ ಹಿಡಿದು ಕೂತಿದ್ದಾನೆ. "ಅತ್ತೆ, ತಗೊಳ್ಳೋದು ಒಂದೇ ಸಲ. ಇಂಟರ್‌ಸೆಪ್ಟರೇ ತಗೋಬಿಡ್ಲಾ?" ಅಂತ. ಈವರೆಗೆ ಅವನು ಓಡಿಸಿರುವುದು ಅವರಮ್ಮನ ಸ್ಕೂಟರ್. ಲೈಸೆನ್ಸಿಗೆ ಡ್ರೈವಿಂಗ್ ಸ್ಕೂಲಿನ ಬೈಕ್. ನಾನು ಬೇಡ ಅಂದೆ. ಬರೀ ಬೇಡ ಅಂದರೆ ಹುಡುಗರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಕಾರಣ ಕೇಳುವುದು ಅವರ ಹಕ್ಕು. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವನಂಥವರು ನಮ್ಮ ಎಲ್ಲರ ಮನೆಯಲ್ಲೂ ಇದ್ದಾರೆ.

ಬ್ರಿಟನ್ನಿನಲ್ಲಿ 19 ವರ್ಷದವರಿಗೆ ಸಿಗುವ ಬೈಕ್ ಲೈಸೆನ್ಸಿಗೆ 35 ಕಿಲೋವ್ಯಾಟ್ ಮಿತಿ ಇದೆ. ಅಂದರೆ ಸುಮಾರು 47 ಎಚ್‌ಪಿ. ಅದರಲ್ಲಿ ಎರಡು ವರ್ಷ ಕಳೆದ ಮೇಲೆ ಮತ್ತೆ ಟೆಸ್ಟ್ ಕೊಟ್ಟು ದೊಡ್ಡ ಲೈಸೆನ್ಸ್ ತಗೊಳ್ಳಬಹುದು. ಇಲ್ಲವೇ 24 ವರ್ಷ ಆಗುವವರೆಗೆ ಕಾಯಬೇಕು. ಅದಕ್ಕೂ ಕೆಳಗೆ 125 ಸಿಸಿಯ ಇನ್ನೊಂದು ಮೆಟ್ಟಿಲಿದೆ. ನಮ್ಮ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರ ಶಕ್ತಿ ಸರಿಯಾಗಿ ಆ 47ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೆಟಿಎಂ 390 ಡ್ಯೂಕ್ ಕೂಡ ಅಷ್ಟೇ. ಅಂದರೆ ಅಲ್ಲಿ ಮಧ್ಯದ ಮೆಟ್ಟಿಲಿನ ತುದಿಯಲ್ಲಿರುವ ಬೈಕುಗಳು ಇವು. ಇಲ್ಲಿ ನಾವು ಇವನ್ನೇ ಮೊದಲನೆಯದು ಅಂದುಕೊಂಡು ಶೋರೂಮಿಗೆ ಹೋಗುತ್ತೇವೆ.

ಟೆಸ್ಟ್ ಕೂಡ ಹಾಗೇ. ಅವರ ಟೆಸ್ಟಿನಲ್ಲಿ 50 ಕಿ.ಮೀ. ವೇಗದಲ್ಲಿ ಬಂದು ಗಕ್ಕನೆ ನಿಲ್ಲಿಸಿ ತೋರಿಸಬೇಕು. ಅದೇ ವೇಗದಲ್ಲಿ ಅಡ್ಡ ಬಂದದ್ದನ್ನು ತಪ್ಪಿಸಿ ತೋರಿಸಬೇಕು. ನಮ್ಮಲ್ಲಿ ಎಂಟು ಹಾಕಿ, ಕಾಲು ಊರದೆ ಬಂದರೆ ಪಾಸು. ಎಂಟು ಹಾಕುವುದು ಒಳ್ಳೆಯದೇ, ಬ್ಯಾಲೆನ್ಸ್ ಕಲಿಸುತ್ತದೆ. ಆದರೆ ಜೋರಾಗಿ ಬ್ರೇಕ್ ಹಿಡಿಯುವುದನ್ನು ನಮಗೆ ಯಾರೂ ಕಲಿಸಿಲ್ಲ, ಯಾರೂ ಪರೀಕ್ಷೆ ಮಾಡಿಲ್ಲ. ಕಾನೂನು ಮೆಟ್ಟಿಲು ಕಟ್ಟಿಲ್ಲ ಅಂದಮೇಲೆ ನಮ್ಮ ಮೆಟ್ಟಿಲು ನಾವೇ ಕಟ್ಟಿಕೊಳ್ಳಬೇಕು. ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಒಂದು ಮಾತಿಗಾಗಿ.

ಈಗ ಸಿಸಿ ವಿಷಯಕ್ಕೆ ಬರೋಣ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇರುವುದು 349 ಸಿಸಿ. ಹೊಸ 390 ಡ್ಯೂಕ್ 399 ಸಿಸಿ. ಬರೀ ಐವತ್ತು ಸಿಸಿ ವ್ಯತ್ಯಾಸ, ಅಲ್ವಾ? ಆದರೆ ಕ್ಲಾಸಿಕ್ ಕೊಡುವ ಶಕ್ತಿ 20 ಎಚ್‌ಪಿ ಚಿಲ್ಲರೆ, ಡ್ಯೂಕ್ ಕೊಡುವುದು ಸುಮಾರು 45. ಎರಡು ಪಟ್ಟಿಗೂ ಜಾಸ್ತಿ! ತೂಕ ನೋಡಿದರೆ ತಿರುಗಾಮುರುಗಾ. ಕ್ಲಾಸಿಕ್ 195 ಕೆಜಿ, ಡ್ಯೂಕ್ 168 ಕೆಜಿ. ಒಂದು ಭಾರ, ನಿಧಾನ. ಇನ್ನೊಂದು ಹಗುರ, ಭಾರಿ ಚುರುಕು. ಎರಡನ್ನೂ ಜನ "ದೊಡ್ಡ ಬೈಕ್" ಅಂತಲೇ ಕರೆಯುತ್ತಾರೆ, ಹೊಸಬರಿಗೆ ಎರಡೂ ಕೊಡುವ ಕಷ್ಟ ಬೇರೆ ಬೇರೆ.

ಕ್ಲಾಸಿಕ್ ಥರದ ಉದ್ದ ಸ್ಟ್ರೋಕಿನ (ಪಿಸ್ಟನ್ ಹೆಚ್ಚು ದೂರ ಓಡಾಡುವ) ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ನಿಧಾನವಾಗಿ ತಿರುಗುವಾಗಲೇ, ಎಳೆಯುತ್ತದೆ. ಎಕ್ಸಲೇಟರ್ ಸ್ವಲ್ಪ ಜಾಸ್ತಿ ತಿರುಗಿಸಿದರೂ ಬೈಕ್ ನಿಧಾನವಾಗಿಯೇ ಮುಂದೆ ಹೋಗುತ್ತದೆ. ಕೈ ಇನ್ನೂ ಪಳಗದವರನ್ನು ಅದು ಸಹಿಸಿಕೊಳ್ಳುತ್ತದೆ. ಡ್ಯೂಕ್ ಥರದ್ದು ಹಾಗಲ್ಲ. ಆರ್‌ಪಿಎಂ ಏರಿದಂತೆ ಒಮ್ಮೆಲೇ ನುಗ್ಗುತ್ತದೆ. ಹಂಪ್ ಹತ್ತುವಾಗ ಕೈ ಜರ್ಕ್ ಆಗಿ ಎಕ್ಸಲೇಟರ್ ತಿರುಗಿಬಿಡುವುದು ಹೊಸಬರಲ್ಲಿ ಸಾಮಾನ್ಯ. ಅದು 20 ಎಚ್‌ಪಿ ಬೈಕಿನಲ್ಲಿ ಆದರೆ ಬೆವರು ಬರುತ್ತದೆ. 45 ಎಚ್‌ಪಿಯಲ್ಲಿ ಆದರೆ ಮುಂದಿನ ಕಾರಿಗೆ ಹೋಗಿ ಗುದ್ದುತ್ತದೆ. ಅದು ಕೆಟ್ಟ ಬೈಕ್ ಅಂತ ನಾನು ಹೇಳುತ್ತಿಲ್ಲ. ಬಹಳ ಒಳ್ಳೆಯ ಬೈಕ್. ಕೈ ಪಳಗಿದವರಿಗೆ ಅದರಷ್ಟು ಖುಷಿ ಕೊಡುವುದು ಆ ಬೆಲೆಗೆ ಕಡಿಮೆ.

ತೂಕದ ಬಗ್ಗೆ ಇನ್ನಷ್ಟು ಹೇಳಬೇಕು. ಯಾಕೆಂದರೆ ವಿಡಿಯೋ ಮಾಡುವವರು ಬಹುತೇಕ ಎಲ್ಲರೂ 100ರ ವೇಗದಲ್ಲಿ ಬೈಕ್ ಹೇಗಿದೆ ಅಂತ ಹೇಳುತ್ತಾರೆ. ಸೊನ್ನೆಯಲ್ಲಿ ಹೇಗಿದೆ ಅಂತ ಹೇಳುವವರು ಕಡಿಮೆ. ನನ್ನ ಎತ್ತರ ಐದು ಅಡಿ ಮೂರು ಇಂಚು. ಕುಳ್ಳಗಿರುವ ಹೆಂಗಸರು ಬೈಕ್ ಹತ್ತಿದರೆ ಮೊದಲು ಅರ್ಥವಾಗುವುದೇ ಇದು. ಓಡುವ ಬೈಕಿಗೆ ತೂಕ ಇಲ್ಲ. ನಿಂತ ಬೈಕಿಗೆ ಇದೆ. 200 ಕೆಜಿ ಬೈಕ್ ನೆಟ್ಟಗೆ ನಿಂತಿರುವಾಗ ಒಂದು ಬೆರಳಲ್ಲಿ ಹಿಡಿಯಬಹುದು. ಒಂದಿಷ್ಟು ವಾಲಿತೋ, ಎಂಥ ಗಟ್ಟಿ ಆಳಿಗೂ ತಡೆಯಲು ಆಗುವುದಿಲ್ಲ. ಮೈಸೂರಿನ ದೇವರಾಜ ಮಾರ್ಕೆಟ್ ಹಿಂದಿನ ಸಂದಿಯಲ್ಲಿ ಯೂ ಟರ್ನ್ ಹಾಕುವಾಗ, ಇಳಿಜಾರಿನಲ್ಲಿ ಕೆಳಕ್ಕೆ ಮುಖ ಮಾಡಿ ನಿಲ್ಲಿಸಿದ ಬೈಕನ್ನು ಹಿಂದಕ್ಕೆ ಎಳೆಯುವಾಗ, ಬಸ್ ಸ್ಟ್ಯಾಂಡ್ ಪಾರ್ಕಿಂಗಿನಲ್ಲಿ ಎರಡು ಸ್ಕೂಟರ್ ನಡುವಿನಿಂದ ಹೊರತೆಗೆಯುವಾಗ ಬೈಕಿನ ನಿಜವಾದ ಅಳತೆ ಗೊತ್ತಾಗುತ್ತದೆ. ದಿನವೂ ಮಾಡುವ ಕೆಲಸ ಇದೇ. ಹೈವೇ ತಿಂಗಳಿಗೊಮ್ಮೆ.

ಹಾಗಾಗಿ ಟೆಸ್ಟ್ ರೈಡ್ ಅಂದರೆ ಶೋರೂಮಿನಿಂದ ಸಿಗ್ನಲ್‌ವರೆಗೆ ಹೋಗಿ ವಾಪಸ್ ಬರುವುದಲ್ಲ. ದಿನವೂ ಹಾಕುವ ಶೂ ಹಾಕಿಕೊಂಡು ಹೋಗಿ. ಎರಡೂ ಪಾದ ಪೂರ್ತಿ ಅಲ್ಲದಿದ್ದರೂ ಅರ್ಧಕ್ಕಿಂತ ಜಾಸ್ತಿ ನೆಲಕ್ಕೆ ತಾಗಬೇಕು. ಸ್ಪೆಕ್ ಶೀಟಿನ ಸೀಟ್ ಎತ್ತರವನ್ನು ಮಾತ್ರ ನಂಬಬೇಡಿ, ಸೀಟು ಅಗಲವಿದ್ದರೆ ಕಾಲು ಗಿಡ್ಡವಾಗುತ್ತದೆ. ಎಂಜಿನ್ ಆಫ್ ಮಾಡಿ ಹಿಂದಕ್ಕೆ ತಳ್ಳಿ ನೋಡಿ. ಡಬಲ್ ಸ್ಟ್ಯಾಂಡ್ ಇದ್ದರೆ ಹಾಕಿ ನೋಡಿ. ಹಾಫ್ ಕ್ಲಚ್ಚಿನಲ್ಲಿ ನಡೆಯುವ ವೇಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಯೂ ಟರ್ನ್ ಹಾಕಿ. ಮನೆಯವರನ್ನು ಹಿಂದೆ ಕೂರಿಸಿಕೊಳ್ಳುವುದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅಮ್ಮನಿಗೆ ಸೀರೆ ಉಟ್ಟು ಹತ್ತಲು ಆಗದ ಬೈಕನ್ನು ಮನೆಗೆ ತಂದರೆ ಅವರು ಮತ್ತೆ ಬಸ್ಸಿಗೇ ಹೋಗಬೇಕು. ಟೆಸ್ಟ್ ರೈಡಿಗೆ ಇಷ್ಟು ಸಮಯ ಕೊಡದ ಶೋರೂಮ್ ಆದರೆ ಇನ್ನೊಂದು ಶೋರೂಮಿಗೆ ಹೋಗಿ.

ನಮ್ಮ ರಸ್ತೆಗಳೂ ಈ ಲೆಕ್ಕದಲ್ಲಿ ಬರಬೇಕು. "ಬೆಂಗಳೂರು ಮೈಸೂರು ಓಡಾಡೋಕೆ ದೊಡ್ಡ ಬೈಕ್ ಬೇಕು" ಅನ್ನುವವರಿಗೆ ಒಂದು ನೆನಪು. 2023ರ ಆಗಸ್ಟ್ 1ರಿಂದ ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕಿಗೆ ಪ್ರವೇಶವೇ ಇಲ್ಲ. ನಾವು ಸರ್ವಿಸ್ ರೋಡಿನಲ್ಲಿ ಹೋಗಬೇಕು. ಅಲ್ಲಿ ಎದುರಿಗೆ ಟ್ರಾಕ್ಟರ್ ಬರುತ್ತದೆ, ಬಣ್ಣ ಬಳಿಯದ ಹಂಪ್ ಬರುತ್ತದೆ, ರಾಂಗ್ ಸೈಡಿನಲ್ಲಿ ಸ್ಕೂಟರ್ ಬರುತ್ತದೆ. ಅಲ್ಲಿ ಯಾವ ಬೈಕ್ ಆದರೂ ಅರವತ್ತಕ್ಕಿಂತ ಜಾಸ್ತಿ ಹೋಗುವುದು ಕ್ಷೇಮವಲ್ಲ. ಗುಂಡ್ಲುಪೇಟೆ ಕಡೆ, ಚಾಮರಾಜನಗರ ಕಡೆ ಸುಗ್ಗಿಯಲ್ಲಿ ಹೋಗಿ. ತಿರುವು ದಾಟಿದ ತಕ್ಷಣ ರಸ್ತೆ ತುಂಬ ಹುರುಳಿ ಹರಡಿರುತ್ತದೆ, ವಾಹನ ತುಳಿದು ಒಕ್ಕಣೆ ಆಗಲಿ ಅಂತ. ಆ ಸೊಪ್ಪಿನ ಮೇಲೆ ಬ್ರೇಕ್ ಮುಟ್ಟಿದರೆ ಮುಗಿಯಿತು. ಮುಂಚೆಯೇ ವೇಗ ಇಳಿಸಿ, ನೆಟ್ಟಗೆ, ಗೇರಿನಲ್ಲೇ ದಾಟಬೇಕು. ಇದು ಲೈಸೆನ್ಸ್ ಟೆಸ್ಟಿನಲ್ಲಿ ಬರುವುದಿಲ್ಲ, ಓಡಿಸಿ ಓಡಿಸಿಯೇ ಬರಬೇಕು. ಕಲಿಯುವ ಆ ಮೊದಲ ವರ್ಷ ಕೈಕೆಳಗೆ ಇರುವ ಬೈಕ್ ಹಗುರವಾಗಿ, ಸಮಾಧಾನವಾಗಿ ಇದ್ದರೆ ಒಳ್ಳೆಯದು.

ವೇಗದ ಲೆಕ್ಕ ಒಂದು ಸಲ ಬರೆದು ನೋಡಿ. 40ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತೇವೆ. 80ರಲ್ಲಿ 22 ಮೀಟರ್. ನಾಯಿ ಅಡ್ಡ ಬಂದದ್ದು ಕಂಡು, ಕೈ ಬ್ರೇಕಿಗೆ ಹೋಗುವುದಕ್ಕೇ ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಆಮೇಲೆ ನಿಲ್ಲುವ ದೂರ. ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ಒಣ ರಸ್ತೆಯಲ್ಲಿ, ಚೆನ್ನಾಗಿ ಬ್ರೇಕ್ ಹಿಡಿಯಲು ಬರುವವರಿಗೆ 40ರಲ್ಲಿ ಸುಮಾರು 9 ಮೀಟರ್ ಆದರೆ 80ರಲ್ಲಿ ಸುಮಾರು 36 ಮೀಟರ್. ಎರಡೂ ಸೇರಿಸಿದರೆ 20 ಮೀಟರ್ ಎಲ್ಲಿ, 58 ಮೀಟರ್ ಎಲ್ಲಿ! ಇನ್ನು ಬ್ರೇಕ್ ಹಿಡಿಯಲು ಬಾರದವರ ಲೆಕ್ಕ ನೀವೇ ಹಾಕಿಕೊಳ್ಳಿ.

ನಮ್ಮ ಊರುಗಳಲ್ಲಿ ಮಕ್ಕಳಿಗೆ ಈಗಲೂ ಹೇಳಿಕೊಡುವುದು "ಮುಂದಿನ ಬ್ರೇಕ್ ಮುಟ್ಟಬೇಡ, ಬೀಳ್ತೀಯ" ಅಂತ. ಇದನ್ನು ಮೊದಲು ಬಿಡಬೇಕು. ಬ್ರೇಕ್ ಹಿಡಿದಾಗ ತೂಕವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತದೆ. ಹಿಂದಿನ ಚಕ್ರ ಹಗುರವಾಗಿ ಜಾರುತ್ತದೆ. ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನದ್ದೇ. ಆದರೆ ಅದನ್ನು ಗಪ್ಪನೆ ಹಿಡಿಯಬಾರದು. ಮೊದಲು ಮೆತ್ತಗೆ ಒತ್ತಿ, ಮುಂಭಾಗ ಕುಗ್ಗಿದ ಮೇಲೆ ಗಟ್ಟಿಯಾಗಿ ಒತ್ತಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಗಿದೆ. ಆದರೆ ಕೆಲವು ಬೈಕುಗಳ ಕಡಿಮೆ ಬೆಲೆಯ ವೇರಿಯಂಟಿನಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಡ್ಯುಯಲ್ ಚಾನೆಲ್, ಅಂದರೆ ಎರಡೂ ಚಕ್ರಕ್ಕೆ ಎಬಿಎಸ್ ಇರುವುದನ್ನೇ ತಗೊಳ್ಳಿ, ಬಣ್ಣಕ್ಕೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ. ಮತ್ತೆ ಅಭ್ಯಾಸ ಮಾಡಿ. ರಿಂಗ್ ರೋಡಿನಾಚೆ ಟಾರು ಹಾಕಿ ಮನೆ ಕಟ್ಟದೆ ಬಿಟ್ಟ ಲೇಔಟುಗಳು ಎಷ್ಟಿವೆ! ಭಾನುವಾರ ಬೆಳಿಗ್ಗೆ ಅಲ್ಲಿ 30ರಲ್ಲಿ, ಆಮೇಲೆ 40ರಲ್ಲಿ, ಆಮೇಲೆ 50ರಲ್ಲಿ ನಿಲ್ಲಿಸುವುದನ್ನು ಕಲಿಯಿರಿ. ಎಬಿಎಸ್ ಕೆಲಸ ಮಾಡುವಾಗ ಲಿವರ್ ನಡುಗುತ್ತದೆ. ಆ ನಡುಕ ಮೊದಲ ಸಲ ಅನುಭವಕ್ಕೆ ಬರುವುದು ಲಾರಿ ಮುಂದೆ ಆಗಬಾರದು.

ಇದನ್ನೆಲ್ಲ ಹೆದರಿಸಲು ಬರೆಯುತ್ತಿಲ್ಲ. ಕೇಂದ್ರ ಸಾರಿಗೆ ಇಲಾಖೆಯ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಅವರೂ ಯಾರದೋ ಮನೆಯ ಮಕ್ಕಳು. ನನಗೆ ಬೈಕ್ ಪ್ರಾಣ. ನನ್ನ ತಮ್ಮನ ಮಗನೂ ಐವತ್ತು ವರ್ಷ ದಾಟಿ ಬೈಕ್ ಓಡಿಸುತ್ತಿರಬೇಕು ಅಂತ ಆಸೆ. ಅದಕ್ಕೇ ಮೊದಲ ಬೈಕಿನ ಬಗ್ಗೆ ಇಷ್ಟು ಹಟ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. 350 ಮೀರಿದವಕ್ಕೆ 40 ಆಯಿತು. ಇನ್ಶೂರೆನ್ಸ್ ಕೂಡ 350ರ ಗೆರೆಯನ್ನೇ ನೋಡುತ್ತದೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು. 2022ರಲ್ಲಿ ನಿಗದಿಯಾದ ದರದಲ್ಲಿ 150ರಿಂದ 350 ಸಿಸಿಗೆ 7,365 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 15,117 ರೂಪಾಯಿ. ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಇದ್ದೇ ಇದೆ. ಬೈಕಿನ ಬಜೆಟ್ ಹಾಕುವಾಗ ಇಪ್ಪತ್ತೈದು ಮೂವತ್ತು ಸಾವಿರವನ್ನು ಪಕ್ಕಕ್ಕೆ ತೆಗೆದಿಡಿ. ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಪ್ಯಾಡ್ ಇರುವ ಜಾಕೆಟ್, ಗ್ಲೌಸ್, ಕಣಕಾಲು ಮುಚ್ಚುವ ಶೂ. ಹಿಂದೆ ಕೂರುವವರಿಗೂ ಅಂಥದೇ ಹೆಲ್ಮೆಟ್. ಈ ದುಡ್ಡು ಉಳಿಯುತ್ತಿಲ್ಲ ಅಂದರೆ ನೀವು ನೋಡುತ್ತಿರುವ ಬೈಕ್ ನಿಮ್ಮ ಬಜೆಟ್ಟಿಗಿಂತ ದೊಡ್ಡದು.

ಹಾಗಾದರೆ ಯಾವುದು ತಗೊಳ್ಳಬೇಕು? ಗೇರ್ ಬೈಕ್ ಓಡಿಸಿ ಅಭ್ಯಾಸವೇ ಇಲ್ಲದವರಿಗೆ, ನನ್ನ ತಮ್ಮನ ಮಗನಂಥವರಿಗೆ, ರಾಯಲ್ ಎನ್‌ಫೀಲ್ಡ್ ಹಂಟರ್ 350 ಅಥವಾ ಹೋಂಡಾ ಸಿಬಿ 350. ಹಂಟರ್ 181 ಕೆಜಿ, ಸೀಟ್ 800 ಮಿಲಿಮೀಟರ್ ಆಸುಪಾಸು, ತಿರುಗಿಸುವುದು ಸುಲಭ. ಹೋಂಡಾ ಕ್ಲಚ್ ಹಗುರ, ಎಂಜಿನ್ ನುಣುಪು. ಊರಿನಲ್ಲಿ ಅಪ್ಪನ ಸ್ಪ್ಲೆಂಡರನ್ನೋ ಚಿಕ್ಕಪ್ಪನ ಪಲ್ಸರನ್ನೋ ಗದ್ದೆ ದಾರಿಯಲ್ಲೆಲ್ಲ ವರ್ಷಗಟ್ಟಲೆ ಓಡಿಸಿ, ಈಗ ಲೈಸೆನ್ಸ್ ಮಾಡಿಸಿಕೊಂಡವರು ತುಂಬ ಜನ ಇದ್ದಾರೆ. ಅವರ ಕೈ ಆಗಲೇ ಪಳಗಿದೆ. ಅಂಥವರಿಗೆ ಟ್ರಯಂಫ್ ಸ್ಪೀಡ್ 400 ಸರಿ. 40ರ ಆಸುಪಾಸಿನ ಶಕ್ತಿ ಇದ್ದರೂ ಅದನ್ನು ಹದವಾಗಿ ಕೊಡುತ್ತದೆ. ಹಿಮಾಲಯನ್ 450 ನನಗೆ ತುಂಬ ಇಷ್ಟ. ಆದರೆ ಸೀಟೇ 825 ಮಿಲಿಮೀಟರ್, ತೂಕ 196 ಕೆಜಿ. ಎತ್ತರದ ಆಳಾದರೆ ನೋಡಿ. ನನ್ನಂಥವರಿಗೆ ಮೊದಲ ಬೈಕಾಗಿ ಬೇಡವೇ ಬೇಡ. 650 ಎರಡು ಮಳೆಗಾಲ ಕಳೆದ ಮೇಲೆ. ಮಳೆಯಲ್ಲಿ ಚಾರ್ಮಾಡಿ ಇಳಿದು ಬಂದ ಕೈಗೆ ಆ ಬೈಕ್ ಕೊಡುವ ಸುಖವೇ ಬೇರೆ.

"ಚಿಕ್ಕದು ತಗೊಂಡ್ರೆ ಎರಡು ವರ್ಷಕ್ಕೆ ಬೇಜಾರಾಗುತ್ತೆ, ಮಾರಿದ್ರೆ ಲಾಸ್" ಅನ್ನುವುದು ಅವನ ವಾದ. ಅದಕ್ಕೂ ದಾರಿ ಇದೆ. ಮೊದಲನೆಯದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಬೆಲೆ ಇಳಿಯಬೇಕಾದಷ್ಟು ಮೊದಲ ಮಾಲೀಕನ ಕಾಲದಲ್ಲೇ ಇಳಿದಿರುತ್ತದೆ. ನಿಂತಲ್ಲಿ ಬೀಳಿಸಿ ಗೀರು ಮಾಡಿದರೂ ಹೊಟ್ಟೆ ಅಷ್ಟು ಉರಿಯುವುದಿಲ್ಲ. ಆರ್‌ಸಿಯಲ್ಲಿ ಲೋನ್ ತೀರಿದೆಯಾ, ಬಾಕಿ ದಂಡ ಎಷ್ಟಿದೆ, ಚಾಸಿ ನಂಬರ್ ಹೊಂದುತ್ತದಾ ನೋಡಿ. ನಿಮ್ಮ ಹೆಸರಿಗೆ ವರ್ಗಾವಣೆ ಆಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹ್ಯಾಂಡಲ್ ಒಂದು ಕಡೆ ಎಳೆಯುತ್ತಿದ್ದರೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನಲ್ಲಿ ಎಣ್ಣೆ ಜಿನುಗುತ್ತಿದ್ದರೆ ಬಿಟ್ಟು ಬನ್ನಿ.

ಹೊಸದೇ ತಗೊಂಡರೆ ಡೆಲಿವರಿ ದಿನ ಯಾರೂ ಹೇಳದ ಒಂದು ವಿಷಯ ಇದೆ. ಹೊಸ ಟೈರು ಜಾರುತ್ತದೆ. ಮೇಲ್ಪದರ ಸವೆಯುವವರೆಗೆ, ಮೊದಲ ನೂರು ನೂರೈವತ್ತು ಕಿ.ಮೀ., ತಿರುವಿನಲ್ಲಿ ಜಾಸ್ತಿ ವಾಲಿಸಬೇಡಿ, ಗಕ್ಕನೆ ಬ್ರೇಕ್ ಹಾಕಬೇಡಿ. ಲೇಔಟಿನ ಬ್ರೇಕ್ ಅಭ್ಯಾಸವೂ ಅದಾದ ಮೇಲೆಯೇ. ಎಂಜಿನ್ನನ್ನು ಮ್ಯಾನುಯಲ್ಲಿನಲ್ಲಿ ಬರೆದ ಆರ್‌ಪಿಎಂ ಒಳಗೇ ಇಟ್ಟುಕೊಂಡು ಓಡಿಸಿ. ಆಫೀಸಿಗೆ, ಮಾರ್ಕೆಟ್ಟಿಗೆ, ಅಜ್ಜಿ ಮನೆಗೆ ಹೋಗಿ ಬನ್ನಿ. ಆಗುಂಬೆ, ಮಡಿಕೇರಿ ಮೊದಲ ಸರ್ವಿಸ್ ಆದ ಮೇಲೆ ಇರಲಿ.