ಹಲ್ಲು ಕಿತ್ತಾಯಿತು, ವಸಡಿನ ಕಥೆ?

ಊರಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಉಪಚಾರಕ್ಕೇನೂ ಬರವಿಲ್ಲ. ಮಧ್ಯಾಹ್ನ ಐಸ್‌ಕ್ರೀಮ್, ರಾತ್ರಿಗೆ ಮೆತ್ತಗೆ ಕಿವುಚಿದ ಮೊಸರನ್ನ. ನೋವು ಇಳಿಯಿತೋ, ಎಲ್ಲರೂ ಮರೆತುಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

ಕೆಳದವಡೆಯ ಆ ಕುಳಿ ಮುಚ್ಚಿಕೊಳ್ಳಲು ವಾರಗಳೇ ಬೇಕು. ಪಕ್ಕದ ದವಡೆಹಲ್ಲಿನ ಹಿಂಬದಿಗೆ ಬ್ರಷ್ ಸರಿಯಾಗಿ ತಲುಪುವುದಿಲ್ಲ. ಚಿತ್ರಾನ್ನದ ಒಗ್ಗರಣೆಯ ಸಾಸಿವೆ ಹೋಗಿ ಕೂರುವುದು ಅಲ್ಲೇ. ಕೊಳೆ ಹಾಗೇ ಉಳಿದರೆ ವಸಡು ಊದಿ, ಹಲ್ಲಿನಿಂದ ಬಿಟ್ಟುಕೊಂಡು ಆಳವಾದ ಸಂದಾಗುತ್ತದೆ. ವಯಸ್ಸು 25 ದಾಟಿದವರಿಗೆ, ಹಲ್ಲು ಅಡ್ಡಡ್ಡ ಮಲಗಿದ್ದವರಿಗೆ ಈ ಕಾಟ ಜಾಸ್ತಿ.

ನಾನಿರುವ ನ್ಯೂಜೆರ್ಸಿಯಲ್ಲಿ ಎಷ್ಟೋ ಡಾಕ್ಟರುಗಳು ಮನೆಗೆ ಕಳಿಸುವಾಗಲೇ ಬಾಗಿದ ಮೂತಿಯ ಪ್ಲಾಸ್ಟಿಕ್ ಸಿರಿಂಜ್ ಕೊಡುತ್ತಾರೆ. ಸೂಜಿ ಇಲ್ಲದ್ದು. ಸುಮಾರು 5ನೇ ದಿನದಿಂದ, ಅವರು ಹೇಳಿದ ಮೇಲೆ, ಪ್ರತಿ ಊಟದ ನಂತರ ಉಗುರುಬೆಚ್ಚಗಿನ ಉಪ್ಪುನೀರು ತುಂಬಿ ಕುಳಿಯ ಬಾಯಿಗಿಟ್ಟು ಮೆಲ್ಲಗೆ ಒತ್ತಬೇಕು. ಅನ್ನದ ಅಗುಳು, ಕೊತ್ತಂಬರಿ ಎಲೆಯ ಚೂರು, ಏನೇನೋ ಹೊರಬರುತ್ತದೆ! ಸುಮ್ನೆ ಮುಕ್ಕಳಿಸಿದರೆ ಇದೆಲ್ಲ ಬರುವುದಿಲ್ಲ.

ಆದರೆ ಅವಸರ ಬೇಡ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಒಳಗಿನ ಮೂಳೆಗೆ ಹೊದಿಕೆ. ಮೊದಲ ದಿನ ಜೋರಾಗಿ ಮುಕ್ಕಳಿಸಿದರೆ, ಉಗಿದರೆ, ಸ್ಟ್ರಾದಲ್ಲಿ ಎಳನೀರು ಹೀರಿದರೆ ಅದು ಕಿತ್ತು ಬರಬಹುದು. ಆಮೇಲೆ ಕಿವಿಯವರೆಗೂ ಸಿಡಿಯುವ ನೋವು. ಸಿಗರೇಟು, ಎಲೆಅಡಿಕೆ ಅಂತೂ ದೂರವೇ ಇರಲಿ. ಲವಂಗವನ್ನೋ ಅರಿಶಿನವನ್ನೋ ಕುಳಿಗೆ ತುರುಕುವ ಅಜ್ಜಿ ಮದ್ದನ್ನೂ ನಾನು ಒಪ್ಪುವುದಿಲ್ಲ. ಹಾಗೆ ತುರುಕಿದ್ದೂ ಕೊಳೆಯೇ ಅಲ್ವಾ?

ಅಮೆರಿಕದ್ದೆಲ್ಲ ಮೇಲು ಅಂತಲ್ಲ. ತೊಂದರೆ ಕೊಡದ ನಾಲ್ಕೂ ಹಲ್ಲನ್ನು ಕಾಲೇಜು ಸೇರುವ ವಯಸ್ಸಿಗೇ ಕಿತ್ತು ಬಿಸಾಡುವ ಚಾಳಿ ಇಲ್ಲಿದೆ. ಅಂಥ ಹಲ್ಲಿನ ತಂಟೆಗೆ ಹೋಗಬೇಡಿ ಎಂದು ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಇಂಗ್ಲೆಂಡಿನ ಸರ್ಕಾರಿ ಸಂಸ್ಥೆ ನೈಸ್ (NICE) 2000ರಲ್ಲೇ ಹೇಳಿದೆ. ಇಲ್ಲಿ ಹೊಲಿಗೆಯೂ ತಾನಾಗಿ ಕರಗುವಂಥದ್ದೇ ಜಾಸ್ತಿ. ಹಾಗಾಗಿ ನೋವಿಲ್ಲದಿದ್ದರೆ ಮತ್ತೆ ಡಾಕ್ಟರ ಮುಖ ನೋಡದವರೂ ಇದ್ದಾರೆ. ಬೆಂಗಳೂರಲ್ಲಾದರೆ ಎಷ್ಟೋ ಮಂದಿ ವಾರಕ್ಕೆ ಹೊಲಿಗೆ ಬಿಚ್ಚಿಸಲು ಹೋಗಬೇಕಾಗುತ್ತದೆ. ಆ ನೆಪದಲ್ಲಿ ವಸಡಿನ ಮೇಲೆ ಅವರ ಕಣ್ಣು ಬೀಳುತ್ತದೆ. ಆ ಪದ್ಧತಿ ನನಗಿಷ್ಟ.

ಹೊಲಿಗೆ ಬಿಚ್ಚುವ ದಿನವೇ ಚೀಟಿಯ ಕೆಳಗೆ ಒಂದು ಸಿರಿಂಜನ್ನೂ ಬರೆದುಕೊಟ್ಟು, ಕನ್ನಡಿ ಮುಂದೆ ನಿಲ್ಲಿಸಿ ಒಮ್ಮೆ ತೋರಿಸಿಕೊಟ್ಟರೆ ನಮ್ಮ ಡಾಕ್ಟರಿಗೆ ಎರಡು ನಿಮಿಷದ ಕೆಲಸ. ಅವರಾಗಿ ಹೇಳದಿದ್ದರೆ ನೀವೇ ಕೇಳಿ.